ಹೈಡ್ರಿಲ್ಲಾ −15.4 ಬಂದಿದೆ: ಸಿ4 ಅಂತ ಬರೆಯಬಹುದೇ, ಬೈಕಾರ್ಬೊನೇಟ್ ಅನ್ನಬೇಕೇ?

ಕೆರೆಯಂಗಳ ಕೇಳಿದ್ದು:

ಬಯಲುಸೀಮೆಯ ಗಡುಸು ನೀರಿನ ಕೆರೆಯೊಂದರಲ್ಲಿ ಮುಳುಗಿ ಬೆಳೆಯುವ ಗಿಡಗಳು ಇಂಗಾಲವನ್ನು ಯಾವ ರೂಪದಲ್ಲಿ ತೆಗೆದುಕೊಳ್ಳುತ್ತವೆ ಅಂತ ನೋಡುತ್ತಿದ್ದೇನೆ. ಡೆಲ್ಟಾ-13ಸಿ ಅಂಕಿಗಳು (ಇಂಗಾಲದ ಭಾರ ಐಸೊಟೋಪ್ 13ಸಿ, ಹಗುರ 12ಸಿಗೆ ಹೋಲಿಸಿದರೆ ಎಷ್ಟಿದೆ ಅನ್ನುವ ಅಳತೆ) ಬಂದಿವೆ. ಎಲ್ಲವೂ ವಿಪಿಡಿಬಿ ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿ, ‰ (ಸಾವಿರಕ್ಕೆ ಇಷ್ಟು) ಲೆಕ್ಕದಲ್ಲಿ:

ಹೈಡ್ರಿಲ್ಲಾ, ಬರೀ ನೀರಲ್ಲಿ ತೊಳೆದದ್ದು: −13.8 (ಇಂಗಾಲ 28.6%)
ಹೈಡ್ರಿಲ್ಲಾ, ಅದೇ ಪುಡಿ, 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೊಳೆದದ್ದು: −15.4 (ಇಂಗಾಲ 39.8%)
ವ್ಯಾಲಿಸ್ನೇರಿಯಾ, ಆಮ್ಲದಲ್ಲಿ ತೊಳೆದದ್ದು: −17.2
ನೈದಿಲೆಯ ತೇಲುವ ಎಲೆ: −27.3
ನೀರಲ್ಲಿ ಕರಗಿರುವ ಒಟ್ಟು ಅಜೈವಿಕ ಇಂಗಾಲ, ಅಂದರೆ ಡಿಐಸಿ: −7.2

ನೀರು ತೆಗೆದದ್ದು ಬೆಳಗ್ಗೆ 10ಕ್ಕೆ. ಪಿಎಚ್ 8.6, ಕ್ಷಾರತೆ ಲೀಟರಿಗೆ 2.4 ಮಿಲಿಈಕ್ವಿವಲೆಂಟ್, ಉಷ್ಣತೆ 26 ಡಿಗ್ರಿ.

ಸಿ3, ಸಿ4 ಅನ್ನುವುದು ಗಿಡ ಇಂಗಾಲ ಕಟ್ಟಿಕೊಳ್ಳುವ ಎರಡು ದಾರಿಗಳು. ಪಠ್ಯಪುಸ್ತಕದ ಪ್ರಕಾರ ಸಿ3 ಗಿಡ −27ರ ಆಸುಪಾಸು, ಸಿ4 ಗಿಡ −13ರ ಆಸುಪಾಸು. ಹೈಡ್ರಿಲ್ಲಾದಲ್ಲಿ ಸಿ4 ಚಕ್ರ ಇದೆ ಅಂತಲೂ ಓದಿದ್ದೇನೆ. ಹಾಗಾದರೆ ಈ ಅಂಕಿ ಅದಕ್ಕೆ ಸಾಕ್ಷಿಯೇ? ಎರಡು ಹೈಡ್ರಿಲ್ಲಾ ಅಂಕಿಗಳಲ್ಲಿ ಯಾವುದನ್ನು ನಂಬಲಿ? ವ್ಯಾಲಿಸ್ನೇರಿಯಾ ಬೈಕಾರ್ಬೊನೇಟ್ ಬಳಸುತ್ತಿದೆ ಅನ್ನಬಹುದೇ?

---

ಜಲಸಸ್ಯ ಉತ್ತರ:

ಸಿ4 ಅಂತ ಬರೆಯಬೇಡಿ. ನೆಲದ ಗಿಡಗಳ ಆ ಪಟ್ಟಿ ನೀರಿನೊಳಗೆ ಕೆಲಸಕ್ಕೆ ಬರುವುದಿಲ್ಲ. ರಾಗಿಯೋ ಜೋಳವೋ ಆದರೆ ಅದಕ್ಕೆ ಸಿಗುವ ಕಾರ್ಬನ್ ಡೈಆಕ್ಸೈಡ್ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಸುಮಾರು −8. ಮೂಲ ಸ್ಥಿರವಾಗಿರುವುದರಿಂದ ಎಲೆಯ ಅಂಕಿ ನೋಡಿದರೆ ಸಾಕು, ಒಳಗಿನ ಕಿಣ್ವ ಯಾವುದು ಅಂತ ಹೇಳಿಬಿಡಬಹುದು. ನೀರಲ್ಲಿ ಎರಡು ವಿಷಯ ಬದಲಾಗುತ್ತವೆ. ಮೂಲವೇ ಕೆರೆಯಿಂದ ಕೆರೆಗೆ, ಬೆಳಗ್ಗೆಯಿಂದ ಸಂಜೆಗೆ ಬೇರೆಯಾಗುತ್ತದೆ. ಜೊತೆಗೆ ನೀರಲ್ಲಿ ಅನಿಲ ಹರಡುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಗಿಡದಲ್ಲಿ ಕಾರ್ಬನ್ ಡೈಆಕ್ಸೈಡ್ ಕಟ್ಟುವ ರುಬಿಸ್ಕೋ ಕಿಣ್ವ 13ಸಿಯನ್ನು 27–29‰ನಷ್ಟು ಬಿಟ್ಟುಬಿಡಬಲ್ಲದು ನಿಜ. ಆದರೆ ಎಲೆಯೊಳಕ್ಕೆ ಬಂದ ಇಂಗಾಲವೆಲ್ಲ ಅಲ್ಲೇ ಖರ್ಚಾಗುವಾಗ ಅದಕ್ಕೆ ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಆಗ ಶುದ್ಧ ಸಿ3 ಗಿಡವೂ ಸಿ4 ಥರ ಕಾಣುತ್ತದೆ. ಸಿಹಿನೀರಿನ ಮುಳುಗು ಗಿಡಗಳ ಅಂಕಿಗಳು ಸುಮಾರು −11ರಿಂದ −50ರವರೆಗೆ ಹರಡಿಕೊಂಡಿರುವುದು ಇದರಿಂದಲೇ.

ಹಾಗಾಗಿ ಮೊದಲು ಮೂಲದ ಲೆಕ್ಕ ಮಾಡಿ, ಗಿಡದ್ದು ಆಮೇಲೆ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಮಾಡೋಣ.

ಪಿಎಚ್ 8.6, ಕ್ಷಾರತೆ 2.4 ಅಂದರೆ ಬೈಕಾರ್ಬೊನೇಟ್ ಸುಮಾರು 2.3 ಮಿಲಿಮೋಲ್, ಕರಗಿದ ಕಾರ್ಬನ್ ಡೈಆಕ್ಸೈಡ್ ಸುಮಾರು 13 ಮೈಕ್ರೋಮೋಲ್. ಒಂದು ಇನ್ನೊಂದರ ಸುಮಾರು 180 ಪಟ್ಟು. ಇವೆರಡರ ನಡುವಿನ ಐಸೊಟೋಪ್ ಅಂತರಕ್ಕೆ ಮೂಕ್ ಮತ್ತು ಸಂಗಡಿಗರ 1974ರ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: 24.12 − 9866/ಟಿ, ಇಲ್ಲಿ ಟಿ ಕೆಲ್ವಿನ್‌ನಲ್ಲಿ. 26 ಡಿಗ್ರಿಗೆ −8.9 ಬರುತ್ತದೆ. ಡಿಐಸಿಯ ಬಹುಪಾಲು ಬೈಕಾರ್ಬೊನೇಟೇ ಆದ್ದರಿಂದ ಅದರ ಬೆಲೆ −7.1, ಕರಗಿದ ಕಾರ್ಬನ್ ಡೈಆಕ್ಸೈಡಿನದು −16.0.

ಈಗ ಗಡಿ ಎಲ್ಲಿದೆ ನೋಡಿ. ಗಿಡ ಬರೀ ಕಾರ್ಬನ್ ಡೈಆಕ್ಸೈಡ್ ಬಳಸಿ, ಒಳಬಂದದ್ದನ್ನೆಲ್ಲ ಒಂದು ಅಣುವೂ ಸೋರದಂತೆ ಕಟ್ಟಿಕೊಂಡಿತು ಅಂದುಕೊಳ್ಳಿ. ಆಗ ಉಳಿಯುವುದು ನೀರಿನೊಳಗಿನ ವಿಸರಣೆಯ 0.7‰ ಮಾತ್ರ. ಅಂಥ ಗಿಡ −16.7ರಲ್ಲಿ ನಿಲ್ಲುತ್ತದೆ. ಅದಕ್ಕಿಂತ ಭಾರವಾಗಲು, ಅಂದರೆ ಸೊನ್ನೆಯತ್ತ ಸರಿಯಲು, ಬರೀ ಕಾರ್ಬನ್ ಡೈಆಕ್ಸೈಡ್ ಬಳಸಿ ಸಾಧ್ಯವಿಲ್ಲ. ಹೈಡ್ರಿಲ್ಲಾ ಆ ಗಡಿ ದಾಟಿದೆ, ಬೈಕಾರ್ಬೊನೇಟ್ ಒಳಗೆ ಹೋಗುತ್ತಿದೆ ಅನ್ನುವ ಕಡೆಗೆ ಬೆರಳು ತೋರಿಸುತ್ತಿದೆ. ಆದರೆ −15.4 ಇಟ್ಟುಕೊಂಡರೆ ದಾಟಿರುವುದು 1.3‰ ಮಾತ್ರ. ಬೆಳಗ್ಗೆ 10ರ ಒಂದೇ ಮಾದರಿಯ ಡಿಐಸಿ ಮೇಲೆ ಅಷ್ಟು ಭಾರ ಹೊರಿಸಲಾಗದು. ದಟ್ಟ ಗಿಡಗಳ ನಡುವೆ ಮಧ್ಯಾಹ್ನದ ಹೊತ್ತಿಗೆ ಹಗುರ ಇಂಗಾಲ ಖರ್ಚಾಗಿ ಡಿಐಸಿಯೇ ಭಾರವಾಗಿರುತ್ತದೆ. ಗಿಡ ತಿಂದದ್ದು ಆ ಹೊತ್ತಿನ ಇಂಗಾಲವನ್ನು.

ವ್ಯಾಲಿಸ್ನೇರಿಯಾ −17.2, ಗಡಿಯ ಈಚೆಗೇ ಇದೆ. 13 ಮೈಕ್ರೋಮೋಲ್ ಇರುವಲ್ಲಿ ಹೊರಕ್ಕೆ ಏನೂ ಸೋರದಷ್ಟು ಬಿಗಿಯಾಗಿ ಕಾರ್ಬನ್ ಡೈಆಕ್ಸೈಡ್ ಹೀರುತ್ತಿದೆ ಅನ್ನುವುದಕ್ಕಿಂತ ಬೈಕಾರ್ಬೊನೇಟ್ ಬಳಸುತ್ತಿದೆ ಅನ್ನುವುದೇ ಹೆಚ್ಚು ನಂಬುವಂತಿದೆ. ಆದರೂ ಐಸೊಟೋಪ್ ಒಂದರಿಂದಲೇ ಅದು ಸಾಬೀತಾಗುವುದಿಲ್ಲ.

ನೈದಿಲೆಯನ್ನು ಜೊತೆಗೆ ಅಳೆಸಿದ್ದು ಬಹಳ ಒಳ್ಳೆಯದಾಯಿತು. ಅದರ ಎಲೆಯ ಪತ್ರರಂಧ್ರಗಳು ಮೇಲ್ಮುಖದಲ್ಲಿದ್ದು ಗಾಳಿಯಿಂದಲೇ ಹೀರುತ್ತವೆ. −27.3 ಸಾಮಾನ್ಯ ಸಿ3 ಅಂಕಿ. ಒಂದೇ ಕೆರೆ, ಒಂದೇ ರುಬಿಸ್ಕೋ, ನಡುವೆ 12‰ ವ್ಯತ್ಯಾಸ. ಅಷ್ಟೂ ಇಂಗಾಲದ ಮೂಲ ಮತ್ತು ದಾರಿಯಿಂದ ಬಂದದ್ದು. ಪ್ರಬಂಧದಲ್ಲಿ ಈ ಹೋಲಿಕೆಯನ್ನು ಮುಂದೆ ತನ್ನಿ.

---

ಬೆಂಚ್‌ಮೇಲೆ ಉತ್ತರ:

ಎರಡು ಅಂಕಿಗಳಲ್ಲಿ ಯಾವುದು ಅನ್ನುವ ಪ್ರಶ್ನೆಗೆ ನಿಮ್ಮ ಶೇಕಡಾ ಇಂಗಾಲದ ಕಾಲಂನಲ್ಲೇ ಉತ್ತರ ಇದೆ. ಬೈಕಾರ್ಬೊನೇಟ್ ಬಳಸುವ ಎಷ್ಟೋ ಗಿಡಗಳ ಎಲೆಯ ಮೇಲ್ಮೈ ಕ್ಷಾರವಾಗಿ ಅಲ್ಲಿ ಸುಣ್ಣ ಕಟ್ಟುತ್ತದೆ. ಕೈಯಲ್ಲಿ ಉಜ್ಜಿದರೆ ಮರಳು ಮರಳಾಗಿ ಸಿಗುವ ಬೂದುಬಿಳಿ ಪದರ ಅದೇ. ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಇಂಗಾಲ 12%.

28.6 = 12x + 39.8(1 − x) ಅಂತ ಬಿಡಿಸಿ. x ಸುಮಾರು 0.40. ಅಂದರೆ ತೊಳೆಯದ ಪುಡಿಯ ತೂಕದಲ್ಲಿ 40% ಸುಣ್ಣವೇ, ಅದರ ಇಂಗಾಲದಲ್ಲಿ 17% ಸುಣ್ಣದ್ದು. ಇನ್ನು ಐಸೊಟೋಪ್ ತಾಳೆ: −13.8ರಲ್ಲಿ 83% ಪಾಲು −15.4 ಆಗಿದ್ದರೆ ಉಳಿದ 17%ರ ಬೆಲೆ −5.9 ಬರಬೇಕು. ಬೈಕಾರ್ಬೊನೇಟ್ −7.1 ಇರುವ ನೀರಿನಿಂದ ಸುಣ್ಣ ಕಟ್ಟಿದರೆ ಅದು ಸುಮಾರು 1‰ ಭಾರವಾಗಿ −6ರ ಹತ್ತಿರ ಇರುತ್ತದೆ. ಎರಡೂ ಕೂಡಿಬಂದಿವೆ. −15.4 ನಂಬಿ.

ಇದು ಕೂಡಿಬರದೇ ಇದ್ದರೆ ಅನುಮಾನ ಪಡಬೇಕಾದದ್ದು ಆಮ್ಲದ ಮೇಲೆ. ಆಮ್ಲದಲ್ಲಿ ನೆನೆಸಿ ನೀರಲ್ಲಿ ತೊಳೆಯುವಾಗ ಸಕ್ಕರೆ, ಆರ್ಗ್ಯಾನಿಕ್ ಆಮ್ಲಗಳು ಕರಗಿ ಹೋಗುತ್ತವೆ. ನುಣ್ಣಗೆ ಪುಡಿ ಮಾಡಿದ ಮೇಲೆ ತೊಳೆದರೆ ಇನ್ನೂ ಜಾಸ್ತಿ. ಇಡೀ ಎಲೆಯನ್ನೇ ಗುಳ್ಳೆ ಬರುವುದು ನಿಲ್ಲುವವರೆಗೆ, ಅಷ್ಟೇ ಹೊತ್ತು, ಆಮ್ಲದಲ್ಲಿ ಅದ್ದಿ, ಡಿಸ್ಟಿಲ್ಡ್ ನೀರಲ್ಲಿ ಮೂರು ಸಲ ತೊಳೆದು, 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ, ಆಮೇಲೆ ಪುಡಿ ಮಾಡಿ. ಅದಕ್ಕೂ ಮುಂಚೆ ಮೆದು ಬ್ರಷ್‌ನಿಂದ ಪಾಚಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಎಲೆಗೆ ಅಂಟಿದ ಪಾಚಿಯ ಅಂಕಿ ಗಿಡದ್ದಕ್ಕಿಂತ ಪೂರ್ತಿ ಬೇರೆ ಇರಬಹುದು, ಅದನ್ನು ಯಾವ ಆಮ್ಲವೂ ತೆಗೆಯುವುದಿಲ್ಲ.

ತೊಳೆಯುವ ಬದಲು ಆವಿ ಹಿಡಿಸುವ ಕ್ರಮವೂ ಉಂಟು: ಪುಡಿಯನ್ನು ಬೆಳ್ಳಿಯ ಕ್ಯಾಪ್ಸೂಲಿಗೆ ತೂಗಿ, ಒಂದು ತೊಟ್ಟು ನೀರು ಬಿಟ್ಟು, ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲದ ಬೀಕರ್ ಜೊತೆ ಡೆಸಿಕೇಟರಿನಲ್ಲಿ ರಾತ್ರಿಯಿಡೀ ಇಡುವುದು. ಏನೂ ತೊಳೆದು ಹೋಗುವುದಿಲ್ಲ. ತವರದ ಕ್ಯಾಪ್ಸೂಲ್ ಮಾತ್ರ ಬೇಡ, ಆಮ್ಲದ ಆವಿಗೆ ಪುಡಿಪುಡಿಯಾಗುತ್ತದೆ. 40% ಸುಣ್ಣ ಇರುವ ನಿಮ್ಮ ಮಾದರಿಗೆ ಒಂದು ರಾತ್ರಿ ಸಾಲದೆಯೂ ಹೋಗಬಹುದು. ಶೇಕಡಾ ಇಂಗಾಲ ಏರುವುದು ನಿಂತಿತೇ ನೋಡಿ. ನೈಟ್ರೋಜನ್ ಐಸೊಟೋಪೂ ಬೇಕಿದ್ದರೆ ಅದಕ್ಕೆ ಆಮ್ಲ ಮುಟ್ಟಿಸದ ಪಾಲನ್ನು ಬೇರೆ ಕಳಿಸಿ.

ತೂಕ 1 ಮಿಲಿಗ್ರಾಂ ಸಾಕು, ಸುಮಾರು 0.4 ಮಿಲಿಗ್ರಾಂ ಇಂಗಾಲ ಸಿಗುತ್ತದೆ. ಮಾನಕಗಳು (ಬೆಲೆ ಮೊದಲೇ ಗೊತ್ತಿರುವ ಮಾದರಿಗಳು) ನಿಮ್ಮ ಮಾದರಿಗಳನ್ನು ಎರಡೂ ಕಡೆಯಿಂದ ಸುತ್ತುವರಿಯುವಂತಿರಲಿ: ಐಎಇಎ-ಸಿಎಚ್-6 ಸಕ್ಕರೆ −10.45, ಯುಎಸ್‌ಜಿಎಸ್40 ಗ್ಲುಟಾಮಿಕ್ ಆಮ್ಲ −26.39. ನಿಮ್ಮ ನೈದಿಲೆ ಇದರಾಚೆಗೆ ಸ್ವಲ್ಪವೇ ಇದೆ, ಪರವಾಗಿಲ್ಲ. −40 ಬರುವ ಗಿಡಗಳಿದ್ದರೆ ಇನ್ನೂ ಹಗುರ ಮಾನಕ ಕೇಳಿ.

---

ಕೆರೆಯಂಗಳ:

ಇಬ್ಬರಿಗೂ ತುಂಬಾ ಧನ್ಯವಾದ. ಸುಣ್ಣದ ತಾಳೆಯ ಲೆಕ್ಕ ನನಗೆ ಹೊಳೆದಿರಲಿಲ್ಲ. ಇನ್ನೆರಡು ಕೇಳಲೇ? ಬೈಕಾರ್ಬೊನೇಟ್ ಬಳಕೆಯನ್ನು ನಮ್ಮ ಲ್ಯಾಬಿನಲ್ಲೇ, ದುಬಾರಿ ಉಪಕರಣ ಇಲ್ಲದೆ, ಖಚಿತ ಮಾಡಿಕೊಳ್ಳಲು ಏನು ಮಾಡಲಿ? ಮತ್ತೆ ಹೋಲಿಕೆಗೆ ಮಲೆನಾಡಿನ ಮೆದು ನೀರಿನ ಹಳ್ಳವೊಂದನ್ನು ಸೇರಿಸಬೇಕೆಂದಿದೆ. ಪಿಎಚ್ 6.4ರ ಹತ್ತಿರ, ಕ್ಷಾರತೆ 0.2. ಅಲ್ಲಿಯೂ ಇದೇ ಕ್ರಮ ಸಾಕೇ?

---

ಜಲಸಸ್ಯ:

ಪಿಎಚ್ ಡ್ರಿಫ್ಟ್ ಮಾಡಿ, ಅಂದರೆ ಮುಚ್ಚಿದ ಬಾಟಲಿಯಲ್ಲಿ ಗಿಡ ಪಿಎಚ್ ಅನ್ನು ಎಲ್ಲಿಯವರೆಗೆ ಏರಿಸುತ್ತದೆ ನೋಡಿ. ಒಳ್ಳೆಯ ಪಿಎಚ್ ಮೀಟರ್, ಬ್ಯುರೆಟ್, ಗಾಜಿನ ಬಿರಡೆಯ ಬಾಟಲಿ ಇದ್ದರೆ ಆಯಿತು.

1 ಮಿಲಿಮೋಲ್ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ, ಲೀಟರಿಗೆ 84 ಮಿಲಿಗ್ರಾಂ. ಕೆರೆಯ ನೀರನ್ನೇ ಬಳಸಬೇಡಿ: ಅದರಲ್ಲಿನ ಕ್ಯಾಲ್ಸಿಯಂ ಪಿಎಚ್ ಏರಿದ ಕೂಡಲೇ ಸುಣ್ಣವಾಗಿ ಇಳಿದು ಕ್ಷಾರತೆಯನ್ನೂ ಎಳೆದುಕೊಂಡು ಹೋಗುತ್ತದೆ, ಲೆಕ್ಕ ಕೆಡುತ್ತದೆ. ಪಾಚಿ ತೆಗೆದ ಗಿಡದ ತುದಿಗಳನ್ನು 100 ಮಿಲಿಗೆ 0.3 ಗ್ರಾಂ ಹಸಿತೂಕದಷ್ಟು ಹಾಕಿ, ಗಾಳಿಗುಳ್ಳೆ ಉಳಿಯದಂತೆ ಬಿರಡೆ ಮುಚ್ಚಿ. 25 ಡಿಗ್ರಿ, ಚದರ ಮೀಟರಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ ಬೆಳಕು. ಪಿಎಚ್ ಏರುವುದು ನಿಲ್ಲುವವರೆಗೆ ಬಿಡಿ, ಸಾಮಾನ್ಯವಾಗಿ ಒಂದು ದಿನದೊಳಗೆ. ಗಿಡವಿಲ್ಲದ ಬಾಟಲಿಯೊಂದು, ಕಪ್ಪು ಬಟ್ಟೆ ಸುತ್ತಿದ ಬಾಟಲಿಯೊಂದು ಜೊತೆಗಿರಲಿ. ಕೊನೆಗೆ ಪಿಎಚ್ ಮತ್ತು ಕ್ಷಾರತೆ ಎರಡನ್ನೂ ಅಳೆಯಿರಿ.

ಓದುವುದು ಹೀಗೆ. ಬರೀ ಕಾರ್ಬನ್ ಡೈಆಕ್ಸೈಡ್ ಬಳಸುವ ಗಿಡ ಪಿಎಚ್ 9ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 2 ಮೈಕ್ರೋಮೋಲಿಗೆ ಇಳಿದಿರುತ್ತದೆ. ಆ ಮಟ್ಟದಲ್ಲಿ ಉಸಿರಾಟದಲ್ಲಿ ಬಿಡುವುದೂ ಹೀರುವುದೂ ಸರಿಸಮ. ಆದರೆ ಡಿಐಸಿಯ 95% ಇನ್ನೂ ಬಾಟಲಿಯಲ್ಲೇ ಇರುತ್ತದೆ, ಗಿಡಕ್ಕೆ ಅದು ಎಟುಕುವುದಿಲ್ಲ. ಬೈಕಾರ್ಬೊನೇಟ್ ಬಳಸುವ ಗಿಡ 10 ದಾಟುತ್ತದೆ. 10.3ಕ್ಕೆ ಬಂದರೆ ಕ್ಷಾರತೆಗೆ ಹೋಲಿಸಿ ಡಿಐಸಿ 0.54ಕ್ಕೆ ಇಳಿದಿದೆ, ಕಾರ್ಬನ್ ಡೈಆಕ್ಸೈಡ್ 0.03 ಮೈಕ್ರೋಮೋಲ್ ಮಾತ್ರ. ಆ ಮಟ್ಟದಲ್ಲಿ ಬರೀ ವಿಸರಣೆಯಿಂದ ಯಾವ ಗಿಡವೂ ಇಂಗಾಲ ಗಳಿಸಲಾರದು.

ಕೆಡುವ ಕಡೆಗಳು ಎರಡು. ಅಂಟಿದ ಪಾಚಿ ಉಳಿದಿದ್ದರೆ ಪಿಎಚ್ ಏರಿಸಿದ್ದು ಗಿಡವೋ ಪಾಚಿಯೋ ತಿಳಿಯುವುದಿಲ್ಲ. ಮುಚ್ಚಿದ ಬಾಟಲಿಯಲ್ಲಿ ಆಕ್ಸಿಜನ್ ಏರಿ ದ್ಯುತಿಉಸಿರಾಟ ಹೆಚ್ಚಾದರೆ ಗಿಡ ಬೇಗ ನಿಂತುಬಿಡುತ್ತದೆ. ಶುರುವಿನಲ್ಲಿ ನೈಟ್ರೋಜನ್ ಹಾಯಿಸಿ ಆಕ್ಸಿಜನ್ ತಗ್ಗಿಸಿಕೊಳ್ಳಿ, ಆಮೇಲೆ ಪಿಎಚ್ ಸರಿಮಾಡಿ ಬಿರಡೆ ಹಾಕಿ.

ಸಿ4 ಪ್ರಶ್ನೆ ಇದರಿಂದಲೂ ಬಗೆಹರಿಯುವುದಿಲ್ಲ. ಹೈಡ್ರಿಲ್ಲಾದ ಸಿ4 ಒಂದೇ ಜೀವಕೋಶದೊಳಗೆ ನಡೆಯುವಂಥದು, ಜೋಳದಲ್ಲಿರುವ ಕ್ರಾಂಜ್ ರಚನೆ (ಕೆಲಸವನ್ನು ಎರಡು ಬಗೆಯ ಕೋಶಗಳಿಗೆ ಹಂಚುವ ಜೋಡಣೆ) ಇಲ್ಲ. ಜೊತೆಗೆ ಅದು ಸದಾ ಇರುವುದಿಲ್ಲ: ನೀರು ಬಿಸಿಯಾಗಿ, ಹಗಲು ಉದ್ದವಾಗಿ, ಕಾರ್ಬನ್ ಡೈಆಕ್ಸೈಡ್ ತೀರಾ ಕಡಿಮೆಯಾದಾಗ ಶುರುವಾಗುತ್ತದೆ. ಅದಕ್ಕೆ ಸಿ4 ದಾರಿಯ ಮೊದಲ ಕಿಣ್ವವಾದ ಪಿಇಪಿ ಕಾರ್ಬಾಕ್ಸಿಲೇಸ್ ಮತ್ತು ರುಬಿಸ್ಕೋ ಚಟುವಟಿಕೆಯ ಅನುಪಾತವನ್ನೇ ಅಳೆಯಬೇಕು. ತಂಪು ನೀರು, ಕಿರಿಹಗಲು, ಹೇರಳ ಕಾರ್ಬನ್ ಡೈಆಕ್ಸೈಡಿನಲ್ಲಿ ಇಟ್ಟ ಗಿಡವನ್ನೂ 27–30 ಡಿಗ್ರಿ, 14 ಗಂಟೆ ಬೆಳಕು, ಕಡಿಮೆ ಕಾರ್ಬನ್ ಡೈಆಕ್ಸೈಡಿನಲ್ಲಿ ಇಟ್ಟ ಗಿಡವನ್ನೂ ಎದುರುಬದುರು ಇಟ್ಟರೆ ಅನುಪಾತ ಏರುವುದು ಕಾಣುತ್ತದೆ. ಕೆರೆಯಲ್ಲಿ ಓಟೇಲಿಯಾ ಅಲಿಸ್ಮಾಯ್ಡಿಸ್ ಸಿಕ್ಕರೆ ಬಿಡಬೇಡಿ. ಬೈಕಾರ್ಬೊನೇಟ್ ಬಳಕೆ, ಸಿ4, ರಾತ್ರಿ ಆಮ್ಲ ಕೂಡಿಡುವ ಸಿಎಎಂ, ಮೂರೂ ಒಂದೇ ಗಿಡದಲ್ಲಿವೆ. ಇಂಥ ಗಿಡದ ಒಂದು ಡೆಲ್ಟಾ ಅಂಕಿಯಿಂದ ದಾರಿ ಹೇಳಲು ಹೊರಡುವುದು ಸರಿಯಲ್ಲ. ಸಿಎಎಂಗೆ ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ಎಲೆ ಕೊಯ್ದು, ತಕ್ಷಣ ಹೆಪ್ಪುಗಟ್ಟಿಸಿ, ನೀರಲ್ಲಿ ಕುದಿಸಿ 0.01 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 8.3ರವರೆಗೆ ಟೈಟ್ರೇಟ್ ಮಾಡಿ. ಬೆಳಗಿನ ಎಲೆಯಲ್ಲಿ ಆಮ್ಲ ಎಷ್ಟು ಹೆಚ್ಚು ಅನ್ನುವುದೇ ಉತ್ತರ.

---

ಮಲೆನಾಡ ಹಳ್ಳ ಉತ್ತರ:

ಮೆದು ನೀರಿಗೆ ಇದೇ ಕ್ರಮ ಸಾಲದು. ಪಿಎಚ್ 8.6ರಲ್ಲಿ ಮೀಟರ್ 0.3 ತಪ್ಪು ತೋರಿಸಿದರೆ ಕಾರ್ಬನ್ ಡೈಆಕ್ಸೈಡಿನ ಪ್ರಮಾಣ ಎರಡು ಪಟ್ಟು ಬದಲಾಗುತ್ತದೆ, ಆದರೆ ಅದರ ಡೆಲ್ಟಾ ಬೆಲೆ ಮಿಸುಕುವುದಿಲ್ಲ. ಪಿಎಚ್ 6.4ರಲ್ಲಿ ಇಂಗಾಲ ಅರ್ಧ ಅರ್ಧ ಹಂಚಿಹೋಗಿರುತ್ತದೆ. ನೀರು 22 ಡಿಗ್ರಿ ಇದ್ದರೆ ಕಾರ್ಬನ್ ಡೈಆಕ್ಸೈಡ್ ಡಿಐಸಿಗಿಂತ 4.8‰ ಹಗುರ, ಪಿಎಚ್ ನಿಜವಾಗಿ 6.1 ಆಗಿದ್ದರೆ 3.2 ಮಾತ್ರ, 6.7 ಆಗಿದ್ದರೆ 6.3. ಮೀಟರಿನ ತಪ್ಪೇ 3‰ ಆಗಿ ಕೂರುತ್ತದೆ. ಅಯಾನುಗಳು ಕಡಿಮೆ ಇರುವ ನೀರಲ್ಲಿ ಸಾಮಾನ್ಯ ಎಲೆಕ್ಟ್ರೋಡ್ ನಿಲ್ಲದೆ ಅಲೆಯುತ್ತಲೇ ಇರುತ್ತದೆ. ಅಂಥ ನೀರಿಗೆಂದೇ ಮಾಡಿದ್ದನ್ನು ಬಳಸಿ, ಹಳ್ಳದೊಳಗೇ ಇಟ್ಟು ಹಲವು ನಿಮಿಷ ಕಾಯಿರಿ. ಬಕೆಟ್ಟಿಗೆ ಮೊಗೆದು ದಡಕ್ಕೆ ತಂದರೆ ಕಾರ್ಬನ್ ಡೈಆಕ್ಸೈಡ್ ಹಾರಿ ಪಿಎಚ್ ಏರಿರುತ್ತದೆ.

ಹಾರಲು ಅಲ್ಲಿ ಬೇಕಾದಷ್ಟಿದೆ. ನಿಮ್ಮ ಅಂಕಿಗಳ ಪ್ರಕಾರ ಸುಮಾರು 180 ಮೈಕ್ರೋಮೋಲ್, ಗಾಳಿಯ ಜೊತೆ ಸಮತೋಲದಲ್ಲಿರುವ ನೀರಿನ ಹತ್ತು ಪಟ್ಟಿಗೂ ಮೇಲೆ. ಕಾಡಿನ ಮಣ್ಣಿನಲ್ಲಿ ಎಲೆ ಕೊಳೆತು ಬಂದ ಇಂಗಾಲ, ಹಗುರ. ಹರಿವು ಜೋರಿರುವಲ್ಲಿ ಎಲೆಗೆ ಅಂಟಿದ ನಿಂತ ನೀರಿನ ಪದರ ತೆಳ್ಳಗಾಗುತ್ತದೆ. ಕೆರೆಯ ನಿಂತ ನೀರಲ್ಲಿ ಅದು ಅರ್ಧ ಮಿಲಿಮೀಟರ್‌ವರೆಗೂ ಇರಬಹುದು. ಇಂಗಾಲ ಧಾರಾಳ, ತಡೆ ಕಡಿಮೆ: ರುಬಿಸ್ಕೋಗೆ ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ. −35, −40 ಬಂದರೆ ಗಾಬರಿಯಾಗಬೇಡಿ. ಆಸ್ಮಂಡ್ ಮತ್ತು ಸಂಗಡಿಗರು 1981ರಲ್ಲಿ ಬ್ರಿಟನ್ ಮತ್ತು ಫಿನ್ಲೆಂಡಿನ ಗಿಡಗಳನ್ನು ಹೋಲಿಸಿದಾಗಲೂ ಹರಿಯುವ ನೀರಿನವು ನಿಂತ ನೀರಿನವಕ್ಕಿಂತ ಹಗುರ ಇದ್ದವು. ಪಶ್ಚಿಮ ಘಟ್ಟದಲ್ಲಿ ಝರಿಯ ಬಂಡೆಗೆ ಅಂಟಿ ಬೆಳೆಯುವ ಪೊಡೊಸ್ಟೆಮೇಸಿ ಕುಟುಂಬದ ಗಿಡಗಳು ಸಿಗುತ್ತವಲ್ಲ, ಅವನ್ನೂ ಅದೇ ಹಳ್ಳದ ನಿಂತ ಗುಂಡಿಯ ಗಿಡವನ್ನೂ ಜೋಡಿಯಾಗಿ ತೆಗೆದುಕೊಳ್ಳಿ. ಮೂಲ ಒಂದೇ ಇದ್ದು ಹರಿವು ಮಾತ್ರ ಬೇರೆಯಾಗುವ ಇಂಥ ಜೋಡಿ ಸಿಗುವುದು ಅಪರೂಪ.

ಬೇರಿನಿಂದ ಇಂಗಾಲ ಹೀರುವ ಐಸೊಯೆಟಿಸ್ ಥರದವು ಇದ್ದರೆ ಮೇಲಿನ ನೀರನ್ನು ಮಾತ್ರ ಅಳೆದು ಪ್ರಯೋಜನವಿಲ್ಲ. ಕೆಸರಿನೊಳಗಿನ ನೀರನ್ನು ರೈಜಾನ್ ಸ್ಯಾಂಪ್ಲರಿನಿಂದ (ಸಣ್ಣ ರಂಧ್ರಗಳ ಹೀರುಕೊಳವೆ) ಬೇರಿನ ಆಳದಲ್ಲೇ ಎಳೆಯಿರಿ. ಅಲ್ಲೊಂದು ತೊಡಕಿದೆ. ಕೊಳೆಯುವಿಕೆ ಮಾತ್ರ ನಡೆದಿದ್ದರೆ ಆ ಇಂಗಾಲ ಹಗುರ, ಆದರೆ ಮೀಥೇನ್ ಹುಟ್ಟುವ ಕೆಸರಿನಲ್ಲಿ ಹಗುರ ಇಂಗಾಲ ಮೀಥೇನಿಗೆ ಹೋಗಿ ಉಳಿದ ಡಿಐಸಿ ಸೊನ್ನೆ ದಾಟಿ ಧನ ಬೆಲೆಗೂ ಏರಬಹುದು. ಎರಡು ಕೆಸರುಗಳಲ್ಲಿ ಒಂದೇ ಗಿಡ, ಒಂದೇ ದಾರಿ, ಪೂರ್ತಿ ಬೇರೆ ಅಂಕಿ.

ಎಲ್ಲ ಕಡೆಗೂ ಅನ್ವಯಿಸುವ ಮಾತು: ಗಿಡದ ತುದಿಗೆ ನೂಲು ಕಟ್ಟಿ ಬನ್ನಿ. ಎರಡು ಮೂರು ವಾರ ಬಿಟ್ಟು ನೂಲಿನ ಮೇಲೆ ಹೊಸದಾಗಿ ಬೆಳೆದದ್ದನ್ನು ಮಾತ್ರ ಕೊಯ್ಯಿರಿ. ಆ ಅವಧಿಯಲ್ಲಿ ವಾರಕ್ಕೊಮ್ಮೆ, ನಸುಕಿನಲ್ಲೂ ಮಧ್ಯಾಹ್ನ 3ರ ಸುಮಾರಿಗೂ, ಗಿಡಗಳ ನಡುವಿನಿಂದಲೇ ನೀರು ತೆಗೆಯಿರಿ. ಆಗ ಎಲೆಯ ಇಂಗಾಲವೂ ನೀರಿನ ಇಂಗಾಲವೂ ಒಂದೇ ಕಾಲದ್ದಾಗುತ್ತವೆ. ಜಲಸಸ್ಯ ಅವರು ಹೇಳಿದ 1.3‰ ಅನುಮಾನ ಹೋಗುವುದು ಹೀಗೆ.

---

ಬೆಂಚ್‌ಮೇಲೆ:

ಡಿಐಸಿ ಮಾದರಿ ತೆಗೆಯುವ ಬಗ್ಗೆ ಸೇರಿಸುತ್ತೇನೆ, ಅಂಕಿಗಳು ಕೆಡುವುದು ಹೆಚ್ಚಾಗಿ ಇಲ್ಲೇ. 12 ಮಿಲಿ ಎಕ್ಸಿಟೇನರ್ ವಯಲಿಗೆ (ರಬ್ಬರ್ ಮುಚ್ಚಳದ ಸಣ್ಣ ಗಾಜಿನ ಸೀಸೆ) 85% ಫಾಸ್ಫರಿಕ್ ಆಮ್ಲ 0.1–0.2 ಮಿಲಿ ಹಾಕಿ, ಹೀಲಿಯಂ ಹಾಯಿಸಿ ಮುಚ್ಚಿಸಿಕೊಂಡು ಹೋಗಿ. ದಡದಲ್ಲಿ ಸಿರಿಂಜಿಗೆ ಗುಳ್ಳೆ ಬಾರದಂತೆ ನೀರೆಳೆದು, 0.45 ಮೈಕ್ರಾನ್ ಫಿಲ್ಟರ್ ಮೂಲಕ ಹಾಯಿಸಿ, ಸೂಜಿಯಿಂದ ರಬ್ಬರ್ ಚುಚ್ಚಿ ಒಳಗೆ ಬಿಡಿ. ಫಿಲ್ಟರ್ ಬಿಟ್ಟರೆ ನೀರಲ್ಲಿ ತೇಲುವ ಸುಣ್ಣದ ಪುಡಿಯೂ ಆಮ್ಲದಲ್ಲಿ ಕರಗಿ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಕೆರೆಯ ನೀರು 1 ಮಿಲಿ ಸಾಕು. ಹಳ್ಳದ ನೀರಲ್ಲಿ ಇಂಗಾಲ ಅದರ ಆರರಲ್ಲೊಂದು ಪಾಲಿನಷ್ಟೇ ಇರುವುದರಿಂದ 4 ಮಿಲಿ ಹಾಕಿ, ಅದಕ್ಕೆ ಮಾನಕದ ವಯಲುಗಳಲ್ಲೂ ಅಷ್ಟೇ ಪ್ರಮಾಣ ಇರಲಿ. ಆಮ್ಲವಿರುವ ವಯಲಿಗೆ ಮರ್ಕ್ಯೂರಿಕ್ ಕ್ಲೋರೈಡ್ ವಿಷ ಬೆರೆಸುವ ಅಗತ್ಯವಿಲ್ಲ. ತಲೆಕೆಳಗಾಗಿ, ತಂಪಿನಲ್ಲಿ ಇಟ್ಟು, ಬೇಗ ಅಳೆಸಿ.

ಮುಂದೆ 13ಸಿ ಲೇಬಲ್ ಪ್ರಯೋಗಕ್ಕೆ ಇಳಿಯುವುದಾದರೆ: ನಿಮ್ಮ ಕೆರೆಯಂಥ ನೀರಿನ 1 ಲೀಟರಿಗೆ 99% 13ಸಿ ಇರುವ ಸೋಡಿಯಂ ಬೈಕಾರ್ಬೊನೇಟ್ 20 ಮಿಲಿಗ್ರಾಂ ಹಾಕಿದರೆ ಡಿಐಸಿಯಲ್ಲಿ 13ಸಿ ಸುಮಾರು 10%ಗೆ ಏರುತ್ತದೆ, ಕೆಲವು ಗಂಟೆಯ ಬೆಳಕಿನಲ್ಲೇ ಎಲೆಯಲ್ಲಿ ಕಾಣುತ್ತದೆ. ಆದರೆ ಲೇಬಲ್ ಬೈಕಾರ್ಬೊನೇಟಾಗಿ ಹೋಯಿತು ಅಂದಮಾತ್ರಕ್ಕೆ ಗಿಡ ಬೈಕಾರ್ಬೊನೇಟ್ ಹೀರಿತು ಅನ್ನಲಾಗದು. 25 ಡಿಗ್ರಿಯಲ್ಲಿ ಒಂದೆರಡು ನಿಮಿಷದೊಳಗೆ ಅದು ಕಾರ್ಬನ್ ಡೈಆಕ್ಸೈಡಿನ ಜೊತೆ ಅದಲುಬದಲಾಗಿ ಬೆರೆತುಹೋಗುತ್ತದೆ. ಎಷ್ಟು ವೇಗವಾಗಿ ಹೀರುತ್ತದೆ, ಹೀರಿದ್ದು ಯಾವ ಭಾಗಕ್ಕೆ ಹೋಯಿತು ಅನ್ನುವುದಕ್ಕೆ ಅದನ್ನು ಬಳಸಿ. ಯಾವ ರೂಪ ಅನ್ನುವುದಕ್ಕೆ ಡ್ರಿಫ್ಟ್ ಇರಲಿ. ಲೇಬಲ್ ಮಾಡಿದ ಮಾದರಿಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಚಿಮುಟ ಬಳಸಿ ತೂಗಿ, ಹೊರಗೆ ದೊಡ್ಡದಾಗಿ ಬರೆದು ಕಳಿಸಿ. ಯಂತ್ರದಲ್ಲಿ ಹಿಂದಿನ ಮಾದರಿಯ ನೆನಪು ಉಳಿದು ಮುಂದೆ ಬರುವ ಸಹಜ ಮಾದರಿಗಳನ್ನೆಲ್ಲ ಕೆಡಿಸುತ್ತದೆ. ಅವನ್ನು ಸರದಿಯ ಕೊನೆಗೆ, ಕಡಿಮೆ ಲೇಬಲಿನಿಂದ ಹೆಚ್ಚಿನದಕ್ಕೆ, ನಡುನಡುವೆ ಖಾಲಿ ಕ್ಯಾಪ್ಸೂಲ್ ಇಟ್ಟು ಓಡಿಸಲು ಲ್ಯಾಬಿಗೆ ಮುಂಚೆಯೇ ತಿಳಿಸಿ.